ಒರಳಿನ ನೀರು

ಹೋದ ತಿಂಗಳು ಶಿವಮೊಗ್ಗದಲ್ಲಿ ನಮ್ಮ ನಾದಿನಿಯ ಮಗನ ಮನೆಯ ಗೃಹಪ್ರವೇಶ ಇತ್ತು. ಕೋಟೆ ಕಡೆಯ ಇಕ್ಕಟ್ಟಿನ ಬಾಡಿಗೆ ಮನೆ ಬಿಟ್ಟು ಊರಾಚೆಯ ಬಡಾವಣೆಯಲ್ಲಿ ದೊಡ್ಡದಾಗಿಯೇ ಕಟ್ಟಿಸಿದ್ದಾನೆ. ಮೆಟ್ಟಿಲು ಹತ್ತಿದರೆ ಬಾಗಿಲ ಪಕ್ಕದಲ್ಲಿ ಒಂದು ಹಳೆಯ ಒರಳುಕಲ್ಲು. ಎಣ್ಣೆ ಸವರಿ ಮಿಂಚಿಸಿ, ಗುಳಿಯ ತುಂಬ ನೀರು ತುಂಬಿ, ಮೇಲೆ ಸೇವಂತಿಗೆ ಎಸಳು ತೇಲಿಬಿಟ್ಟಿದ್ದರು. ಈಗ ಅದೇ ಫ್ಯಾಷನ್ ಅಂತೆ. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ನಾನು ಬಗ್ಗಿ ನೋಡಿದೆ. ಹೂವು ಅವತ್ತಿನದು, ನೀರು ಅವತ್ತಿನದಲ್ಲ. ನೆನೆದ ಕಲ್ಲಿನ, ಎಳೆ ಪಾಚಿಯ ಆ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ಇದ್ದ ಪ್ಲಾಸ್ಟಿಕ್ ಮಗ್ ತೆಗೆದುಕೊಂಡು ನೀರನ್ನೆಲ್ಲ ಮೊಗೆದು ಗಿಡದ ಬುಡಕ್ಕೆ ಚೆಲ್ಲಿದೆ. ಆ ಮನೆಯ ಸೊಸೆ ಓಡಿ ಬಂದು, "ಅತ್ತೆ, ಅತ್ತೆ, ಅದು ಡೆಕೋರೇಷನ್ನು" ಅಂದಳು. "ಗೊತ್ತು ಕಣಮ್ಮಾ" ಅಂತ ಹೇಳಿ, ಸೆರಗಿನ ತುದಿಯಿಂದ ಗುಳಿಯ ಒಳಗೋಡೆಯನ್ನೂ ಉಜ್ಜಿದೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ನಾಲ್ಕು ಜನ ಅಂದುಕೊಂಡಿರಬೇಕು, ಅಂದುಕೊಳ್ಳಲಿ. ಮಂಗಳದ ಮನೆಯಲ್ಲಿ ಹೇಳುವ ಮಾತಲ್ಲ ಅದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತು. ನಮ್ಮ ಮನೆಯವರಿಗೆ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸ. ಕಾಗದನಗರದಲ್ಲಿ ಕ್ವಾರ್ಟರ್ಸ್ ಸಿಗುವ ತನಕ ಇರಲಿ ಎಂದು ಹಳೇನಗರದ ಕಡೆ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಮುಂದೆ ಮಾಲೀಕರ ದೊಡ್ಡ ಮನೆ, ಹಿಂದೆ ಸಾಲಾಗಿ ಬಾಡಿಗೆಯ ಸಣ್ಣ ಮನೆಗಳು, ಎಲ್ಲರಿಗೂ ಸೇರಿ ಒಂದೇ ಹಿತ್ತಿಲು, ಒಂದೇ ಬಾವಿ. ಮಾಲೀಕರ ಮನೆಯ ಯಜಮಾನಿ ಗೌರಮ್ಮ. ಮಂಡಿ ವ್ಯಾಪಾರದ ಮನೆತನ, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಹಬ್ಬ ಬಂದರೆ ವಠಾರದ ಒಂದು ಮನೆಯನ್ನೂ ಬಿಡದೆ ಹೋಳಿಗೆ ಕಳಿಸುತ್ತಿದ್ದರು. ನನಗೆ ಬಸಿರು ಇಳಿದು ಹೋದಾಗ ಒಡಹುಟ್ಟಿದ ಅಕ್ಕನ ಹಾಗೆ ನೋಡಿಕೊಂಡವರು ಅವರೇ. ಕೆಟ್ಟ ಹೆಂಗಸಾಗಿದ್ದರೆ ನನಗೆ ಇವತ್ತಿಗೂ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಸೆಲ್ವಿ, ಅವಳ ಮಗಳು ಕಲಾ. ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ಮನೆತನ, ಭದ್ರಾವತಿಯಲ್ಲೇ ಹುಟ್ಟಿ ಬೆಳೆದವಳು ಸೆಲ್ವಿ. ಗಂಡ ತೀರಿಕೊಂಡ ಮೇಲೆ ಒಂದು ವೆಟ್ ಗ್ರೈಂಡರ್ ತಂದು ಇಡ್ಲಿ-ದೋಸೆ ಹಿಟ್ಟು ರುಬ್ಬಿ ಕೊಡಲು ಶುರುಮಾಡಿದಳು. ಬೀದಿಗೆಲ್ಲ ಅವಳದೇ ಹಿಟ್ಟು. ಆ ಗ್ರೈಂಡರು ಬಂದ ಮೇಲೆ ವಠಾರದಲ್ಲಿ ಯಾರೂ ಒರಳಿನ ಮುಂದೆ ಕೂರಲಿಲ್ಲ. ರಟ್ಟೆ ಬಿದ್ದುಹೋಗುವ ತನಕ ಗುಂಡು ತಿರುಗಿಸಿದವರಿಗೆ ಗೊತ್ತು ಅದೆಂಥ ಬಿಡುಗಡೆ ಅಂತ. ಅಡಿಗೆಮನೆಯ ಮೂಲೆಯಲ್ಲಿ ಸುಮ್ಮನೆ ಜಾಗ ತಿನ್ನುತ್ತದೆ ಅಂತ ನಾವೆಲ್ಲ ಹೇಳಿ ಹೇಳಿ, ಕೊನೆಗೆ ಗೌರಮ್ಮ ಆಳುಗಳನ್ನು ಕರೆಸಿ ಎಲ್ಲ ಮನೆಯ ಒರಳನ್ನೂ ಎತ್ತಿಸಿ ಹಿತ್ತಿಲಲ್ಲಿ, ಕರಿಬೇವಿನ ಗಿಡದ ಹತ್ತಿರ ಸಾಲಾಗಿ ಇಡಿಸಿದರು. ಅವರ ಮನೆಯ ದೊಡ್ಡ ಒರಳೂ ಅಲ್ಲಿಗೇ ಬಂತು.

ಇಟ್ಟರು, ಆದರೆ ಬಿಡಲಿಲ್ಲ. ಅನ್ನ ಕೊಟ್ಟ ಕಲ್ಲಿನ ಬಾಯಿ ಒಣಗಬಾರದು ಅನ್ನುವುದು ಅವರ ಅತ್ತೆಯ ಕಾಲದ ಮಾತಂತೆ. ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು, ಒಂದೊಂದು ಒರಳಿಗೂ ಕುಂಕುಮ ಇಟ್ಟು, ಬಾವಿಯಿಂದ ಸೇದಿದ ನೀರನ್ನು ಒಂದೊಂದು ಚೊಂಬು ಹಾಕುತ್ತಿದ್ದರು. ಹಳೇ ನೀರು ತೆಗೆಯುತ್ತಿರಲಿಲ್ಲ, ಅದರ ಮೇಲೇ ಸುರಿಯುತ್ತಿದ್ದರು. ಬೇಸಿಗೆಯಲ್ಲಿ ಗುಬ್ಬಿಗಳು ಬಂದು ಕುಡಿದು ಹೋಗುತ್ತಿದ್ದವು. ನೋಡುವುದಕ್ಕೆ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಸರಿಯಾಗಿ ಮಳೆ ಬರುವ ವರ್ಷಗಳಲ್ಲಿ ಅದರಿಂದ ಏನೂ ತೊಂದರೆ ಆಗಿರಲಿಲ್ಲ. ಹಿಡಿದ ಮಳೆ ಬಿಡದೆ ಸುರಿಯುವಾಗ ಒರಳು ತುಂಬಿ ತುಳುಕಿ, ಒಳಗಿದ್ದದ್ದೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ಆ ವರ್ಷ ಮಳೆಗಾಲ ಅನ್ನುವುದು ಬರಲೇ ಇಲ್ಲ, ಬಂದದ್ದು ಮಳೆಗಾಲದ ಅಣಕ. ಒಂದು ದಿನ ಹನಿ ಉದುರಿಸಿ ಹೋದರೆ ಮತ್ತೆ ವಾರವಿಡೀ ಬಿಸಿಲು. ನೆಲದಿಂದ ಹಬೆ ಏಳುತ್ತಿತ್ತು. ಆಷಾಢದಲ್ಲಿ ಫ್ಯಾನ್ ಇಲ್ಲದೆ ಕೂರಲಾಗದ ಸೆಕೆ. ಇನ್ನೇನು ಎಲ್ಲ ಒಣಗಿತು ಅನ್ನುವಾಗ ಇನ್ನೊಂದು ಹದ ಮಳೆ ಬಂದು ಒರಳಿನ ಗುಳಿಯನ್ನು ಅರ್ಧಕ್ಕೆ ತುಂಬಿಸಿ ಹೋಗುತ್ತಿತ್ತು. ನಲ್ಲಿ ನೀರೂ ಬಿಟ್ಟು ಬಿಟ್ಟು ಬರುತ್ತಿದ್ದುದರಿಂದ ಎಲ್ಲರ ಮನೆಯಲ್ಲೂ ಡ್ರಮ್ಮು, ಕೊಳದಪ್ಪಲೆ, ಸಿಕ್ಕಿದ್ದರಲ್ಲೆಲ್ಲ ನೀರು ಹಿಡಿದಿಟ್ಟಿರುತ್ತಿದ್ದೆವು.

ಮೊದಲು ಜ್ವರ ಬಂದದ್ದು ನಮ್ಮ ಮನೆಯವರಿಗೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಸೊಳ್ಳೆಪರದೆ ಇತ್ತು, ಆದರೆ ಹಗಲು ಹೊತ್ತು ಪರದೆ ಕಟ್ಟಿಕೊಂಡು ಯಾರು ಮಲಗುತ್ತಾರೆ? ಕಣ್ಣುಗುಡ್ಡೆಯ ಹಿಂದೆ ನೋವು, ಮೂಳೆ ಮೂಳೆ ಮುರಿದ ಹಾಗೆ ನೋವು. ವಾರ ಕಳೆದ ಮೇಲೆ ಎದ್ದರು. ಆಮೇಲೆ ಗೌರಮ್ಮನ ಮಗನಿಗೆ ಬಂತು, ಅವನೂ ಎದ್ದ. ಬೀದಿಯಲ್ಲಿ ಇನ್ನೂ ಕೆಲವರು ಮಲಗಿ ಎದ್ದರು. ಡೆಂಗೂ ಅಂತ ಯಾರೋ ಅಂದರು, ವೈರಲ್ ಅಂತ ಯಾರೋ ಅಂದರು. ಗಂಡಸರೆಲ್ಲ ಸೇರಿ ಚರಂಡಿಯೇ ಕಾರಣ ಅಂತ ತೀರ್ಮಾನ ಮಾಡಿ, ನಿಂತು ಹೂಳು ಎತ್ತಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದರು. ಇಡೀ ಬೀದಿ ಆಸ್ಪತ್ರೆಯ ವಾಸನೆ ಹೊಡೆಯಿತು. ನಮ್ಮವರೂ ಲುಂಗಿ ಎತ್ತಿ ಕಟ್ಟಿಕೊಂಡು ಹೋಗಿ ಮೇಸ್ತ್ರಿ ಕೆಲಸ ಮಾಡಿ ಬಂದರು.

ಕಲಾಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಿದ್ದ ಹುಡುಗಿ. ಮಾತು ಕಡಿಮೆ, ಹಟ ಜಾಸ್ತಿ. ಕಾಲೇಜಿನಿಂದ ಬಂದವಳೇ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸಂಜೆಯ ಬೆಳಕು ಇರುವ ತನಕ ಓದುತ್ತಿದ್ದಳು. ಮನೆಯೊಳಗೆ ಗ್ರೈಂಡರಿನ ಸದ್ದಿಗೆ ಓದಲಾಗುತ್ತಿರಲಿಲ್ಲ, ಅದಕ್ಕೆ. ಮಗಳು ನರ್ಸೋ ಡಾಕ್ಟರೋ ಆಗಿಯೇ ಬಿಟ್ಟಳು ಅನ್ನುವ ಹಾಗೆ ಸೆಲ್ವಿ ಹಿಟ್ಟು ಕೊಳ್ಳಲು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಕಲಾ ಗಾಜಿನ ಲೋಟ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಆಂಟಿ, ಇದು ನೋಡಿ. ಒರಳಿಂದ ತಗೊಂಡಿದ್ದು."

ನೀರು ತಿಳಿಯಾಗಿತ್ತು. ಅದರಲ್ಲಿ ಸಣ್ಣ ಸಣ್ಣ ಹುಳಗಳು ತಲೆಕೆಳಗಾಗಿ ತೇಲುತ್ತ, ಲೋಟ ಅಲುಗಿಸಿದರೆ ಕೊಂಕುತ್ತ ಕೆಳಗಿಳಿಯುತ್ತಿದ್ದವು.

"ಚರಂಡಿ ಸೊಳ್ಳೆ ಬೇರೆ ಆಂಟಿ. ಕಾಲಿಗೆ ಬಿಳಿ ಪಟ್ಟೆ ಇರೋದು, ಹಗಲು ಕಚ್ಚೋದು, ಅದಕ್ಕೆ ಇಂಥ ಚೊಕ್ಕ ನೀರೇ ಬೇಕು. ನೀರಿನ ಅಂಚಿಗೆ, ಕಲ್ಲಿಗೆ ಅಂಟಿಸಿ ಮೊಟ್ಟೆ ಇಡುತ್ತೆ. ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ. ನೀರು ಮೇಲೆ ಬಂತೋ, ಒಡೆದು ಮರಿ ಆಗುತ್ತೆ. ಈ ಸೆಕೆಗೆ ಇನ್ನೂ ಬೇಗ."

"ಹಂಗಾದ್ರೆ ನೀರು ಚೆಲ್ಲಿದ್ರೆ ಆಯ್ತಲ್ಲ?"

"ಚೆಲ್ಲಿ, ಉಜ್ಜಬೇಕು. ಆಮೇಲೆ ಮರಳು ತುಂಬಿಸಿಬಿಟ್ರೆ ನೀರೇ ನಿಲ್ಲಲ್ಲ."

ಗೌರಮ್ಮ ಆ ಹೊತ್ತು ಶಿವಮೊಗ್ಗಕ್ಕೆ ಹೋಗಿದ್ದರು. ಎದುರು ಸೈಟಿನಲ್ಲಿ ಯಾರೋ ಮನೆ ಕಟ್ಟಲು ಮರಳು ಹೊಡೆಸಿದ್ದರು. ನಾನೂ ಕಲಾನೂ ತೆಂಗಿನ ನಾರಿನಲ್ಲಿ ಒರಳುಗಳನ್ನು ತಿಕ್ಕಿ, ಬಾಣಲೆಯಲ್ಲಿ ಮರಳು ಹೊತ್ತು ತಂದು ತುಂಬಿದೆವು. ಕಲಾ ಮೇಲೆ ಕೈಯಾಡಿಸಿ ಸಮ ಮಾಡಿ, ಒಂದು ದಾಸವಾಳವನ್ನೂ ಸಿಗಿಸಿದಳು. ಗೌರಮ್ಮಜ್ಜಿ ಬೈಯಬಾರದಲ್ಲ ಅಂತ ನಕ್ಕಳು.

ಶುಕ್ರವಾರ ಬೆಳಿಗ್ಗೆ ಚೊಂಬು ಹಿಡಿದು ಬಂದ ಗೌರಮ್ಮ ಅಲ್ಲೇ ನಿಂತು ಕೂಗಿದ ಕೂಗಿಗೆ ಇಡೀ ವಠಾರ ಹೊರಗೆ ಬಂತು.

"ಯಾರದು ಈ ಕೆಲಸ? ಅನ್ನ ಕೊಟ್ಟ ಕಲ್ಲಿನ ಬಾಯಿಗೆ ಮಣ್ಣು ಹಾಕಿದೀರಲ್ಲೇ! ನಮ್ಮನೆ ಹಾಳಾಗಲಿ ಅಂತಾನಾ?"

ಕಲಾ ಮುಂದೆ ಬಂದು ಸೊಳ್ಳೆಯ ವಿಷಯ ಹೇಳಲು ಹೋದಳು. ಆಕೆ ಹುಡುಗಿಯ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. "ಮರಳು ಹೊತ್ತಿದ್ದು ನಾನೂನು ಗೌರಮ್ಮನೋರೆ, ಅವಳೊಬ್ಬಳೇ ಅಲ್ಲ" ಅಂದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮವರಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ, ನಾವು ಅವರ ಪಂಕ್ತಿಯಲ್ಲಿ ಕೂತು ಉಣ್ಣುವವರು. ಬೈಸಿಕೊಳ್ಳಲು ಹೇಳಿ ಮಾಡಿಸಿದವಳು ಗಂಡನಿಲ್ಲದ ಸೆಲ್ವಿ.

"ಗ್ರೈಂಡರ್ ತಂದು ಆ ಕಲ್ಲುಗಳನ್ನ ಬೀದಿಗೆ ಹಾಕ್ಸಿದ್ದೇ ನೀನು. ಈಗ ಮಗಳ ಕೈಲಿ ಮಣ್ಣೂ ಹಾಕ್ಸಿದೀಯಾ. ನನ್ ಮಗ ಜ್ವರ ಬಂದು ಸಾಯೋ ಹಂಗಾಗಿದ್ದು ಸುಮ್ನೇನಾ?"

"ಅಮ್ಮಾವ್ರೆ, ಮಗು ಗೊತ್ತಿಲ್ದೆ ಮಾಡಿದೆ. ತಪ್ಪಾಯ್ತು" ಎಂದು ಸೆಲ್ವಿ ಕೈ ಮುಗಿದಳು.

"ತಪ್ಪಾಯ್ತು ಅಂದ್ರೆ ಆಗಲ್ಲ. ನಿನ್ ಕೈಯಾರೆ ಮರಳು ತೆಗಿ. ಮಹಾನವಮಿವರೆಗೂ ವಾರವಾರ ನೀನೇ ತೊಳೆದ ಮೈಯಲ್ಲಿ ನೀರು ಹಾಕಿ ಕೈ ಮುಗಿಬೇಕು. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೊ."

ಬೇರೆ ಮನೆ! ಬೀದಿಗೆಲ್ಲ ಹಿಟ್ಟು ಕೊಟ್ಟು ಮಗಳನ್ನು ಓದಿಸುವವಳು ಆ ಬೀದಿ ಬಿಟ್ಟು ಎಲ್ಲಿಗೆ ಹೋಗಬೇಕು? ಸೆಲ್ವಿ ಮರಳನ್ನು ಬೊಗಸೆಯಲ್ಲಿ ಮೊಗೆದು ತೆಗೆದಳು. ಕಲಾ ಸಿಟ್ಟಿನಿಂದ ಅಳುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಗೌರಮ್ಮನ ಹತ್ತಿರ ಆಮೇಲೂ ಹೋಗಿ ಕೂತು ಹೇಳಿದೆ. ಲೋಟದಲ್ಲಿ ಹುಳ ತೋರಿಸಿದೆ. "ನೀರು ಅಂದಮೇಲೆ ಹುಳ ಇರುತ್ತೆ ಮಾರಾಯ್ತಿ, ಗಂಗೆಯಲ್ಲೂ ಇದೆ" ಎಂದು ನನಗೇ ಕಾಫಿ ಕೊಟ್ಟು ಕಳಿಸಿದರು. ನಮ್ಮವರು, "ಇನ್ನೊಂದು ವರ್ಷದಲ್ಲಿ ಕ್ವಾರ್ಟರ್ಸ್ ಸಿಗುತ್ತೆ, ಸುಮ್ಮನೆ ಯಾಕೆ ಎದುರು ಹಾಕ್ಕೊಳ್ತೀಯಾ" ಅಂದರು.

ಶ್ರಾವಣ ಬಂತು. ಮಳೆ ಹಾಗೇ ಕಣ್ಣುಮುಚ್ಚಾಲೆ ಆಡುತ್ತಿತ್ತು. ಸೆಲ್ವಿ ಶುಕ್ರವಾರ ಬೆಳಿಗ್ಗೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಚೊಂಬು ಹಿಡಿದು ಬರುವುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಗೌರಮ್ಮ ಹಿಂಬಾಗಿಲಲ್ಲಿ ನಿಂತಿರುತ್ತಿದ್ದರು. ಮೊದಮೊದಲು ಅವರು ಒಳಗೆ ಹೋದ ಮೇಲೆ ಕಲಾ ಕದ್ದು ಹೋಗಿ ನೀರು ಚೆಲ್ಲಿ ಬರುತ್ತಿದ್ದಳು. ಅದು ಸೆಲ್ವಿಗೆ ಗೊತ್ತಾಗಿ, "ನನ್ ಮೇಲಾಣೆ, ಆ ಕಲ್ಲಿನ ಸುದ್ದಿಗೆ ಹೋಗ್ಬೇಡ. ಮನೆ ಬಿಡಿಸಿದ್ರೆ ನಿನ್ ಓದು ಏನಾಗುತ್ತೆ" ಎಂದು ಆಣೆ ಹಾಕಿಸಿಕೊಂಡಳು. ಕಲಾ ನೀರು ಚೆಲ್ಲುವುದನ್ನು ಬಿಟ್ಟಳು. ಸಂಜೆ ಮೆಟ್ಟಿಲ ಮೇಲೆ ಕೂತು ಓದುವಾಗ ಆಗಾಗ ಪುಸ್ತಕದಿಂದ ಕಾಲಿಗೆ ಹೊಡೆದುಕೊಳ್ಳುತ್ತಿದ್ದಳು.

ಗೌರಿ ಹಬ್ಬ ಹತ್ತಿರ ಬರುವಾಗ ಕಲಾಗೆ ಜ್ವರ ಬಂತು. ನಮ್ಮವರಿಗೆ ಬಂದ ಹಾಗೇ ಬಂತು, ಹಾಗೇ ಹೋಗುತ್ತದೆ ಅಂತ ಎಲ್ಲರೂ ಅಂದುಕೊಂಡೆವು. ಡಾಕ್ಟರು ಮಾತ್ರೆ ಕೊಟ್ಟು, ನೀರು ಜಾಸ್ತಿ ಕುಡಿಸಿ, ಹೊಟ್ಟೆನೋವು ಬಂದರೆ ತಡಮಾಡಬೇಡಿ ಎಂದಿದ್ದರು. ಕೆಲವು ದಿನ ಕಳೆದು ಜ್ವರ ಬಿಟ್ಟಿತು. ಹುಡುಗಿ ಎದ್ದು ಕೂತು ತಿಳಿಸಾರು ಅನ್ನ ಉಂಡಳು. ಸೆಲ್ವಿಗೆ ಹೋದ ಜೀವ ಬಂದ ಹಾಗಾಯಿತು. ಹಬ್ಬದ ಹಿಟ್ಟಿನ ಆರ್ಡರ್ ಬಾಕಿ ಇದೆ ಅಂತ ಗ್ರೈಂಡರ್ ಹಾಕಿದಳು. ಆ ಕಾಯಿಲೆ ಕೈ ಕೊಡುವುದೇ ಜ್ವರ ಬಿಟ್ಟ ಮೇಲೆ ಅಂತ ನಮಗೆ ಯಾರಿಗೆ ಗೊತ್ತಿತ್ತು?

ಮಾರನೆಯ ದಿನ ಹೊಟ್ಟೆನೋವು, ವಾಂತಿ. ನಾನು ಹೋಗಿ ಕೈ ಹಿಡಿದರೆ ಅಂಗೈ ತಣ್ಣಗೆ, ಒದ್ದೆ. ವಸಡಿನಲ್ಲಿ ರಕ್ತ. ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ. ದಾರಿಯಲ್ಲಿ ಕಲಾ ನನ್ನ ತೊಡೆಯ ಮೇಲೆ ತಲೆ ಇಟ್ಟು, "ಆಂಟಿ, ಟೆಸ್ಟ್ ಇದೆ ಸೋಮವಾರ. ಲೆಕ್ಚರರ್‌ಗೆ ಹೇಳಿ ಕಳಿಸ್ತೀರಾ" ಅಂದಳು. ನಮ್ಮವರ ಪಾಳಿಯ ಹುಡುಗರು ಯೂನಿಫಾರ್ಮಿನಲ್ಲೇ ಬಂದು ಸಾಲು ನಿಂತು ರಕ್ತ ಕೊಟ್ಟರು. ಡಾಕ್ಟರು, ನರ್ಸುಗಳು ಶಕ್ತಿ ಮೀರಿ ದುಡಿದರು, ಅವರನ್ನು ನಾನು ಒಂದು ಮಾತು ಅನ್ನುವುದಿಲ್ಲ. ಹಬ್ಬದ ದಿನ ಬೆಳಗ್ಗೆ ಹುಡುಗಿ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಗೌರಮ್ಮ ಸೆಲ್ವಿಯ ಮನೆಗೆ ಬಂದರು. ಅವಳನ್ನು ಅಪ್ಪಿಕೊಂಡು ಗೊಳೋ ಅಂತ ಅತ್ತರು. ನಾಟಕವಲ್ಲ, ನಿಜವಾದ ಅಳು. ಅತ್ತು ಮುಗಿಸಿ ಕಣ್ಣೊರೆಸಿಕೊಂಡು ಅಂದದ್ದು ಇಷ್ಟು: "ಬೇಡ ಬೇಡ ಅಂದೆ. ಆ ಕಲ್ಲಿಗೆ ಕೈ ಹಾಕ್ಬಾರದಿತ್ತು ಮಗು." ಅಲ್ಲಿ ಕೂತಿದ್ದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಚರಂಡಿ ಎತ್ತಿಸಿದವರೂ ತಲೆಯಾಡಿಸಿದರು. ನನಗೆ ಎದ್ದು ಎಲ್ಲರ ಕಪಾಳಕ್ಕೂ ಬಾರಿಸಬೇಕು ಅನ್ನಿಸಿತು. ಸಾವಿನ ಮನೆ ಅಂತ ಹೊರಗೆ ನಡೆದೆ.

ಆಮೇಲೆ ಬಂತು ಮಳೆ. ಎಲ್ಲ ಮುಗಿದ ಮೇಲೆ, ಯಾರೂ ಕೇಳದಿರುವಾಗ, ಹಗಲು ರಾತ್ರಿ ಬಿಡದೆ ಸುರಿಯಿತು. ಒರಳುಗಳು ತುಂಬಿ ಉಕ್ಕಿ ಹರಿದವು. ಹವೆಯೂ ತಣ್ಣಗಾಯಿತು. ಸೊಳ್ಳೆ ಕಡಿಮೆಯಾಯಿತು, ಜ್ವರದ ಸುದ್ದಿ ನಿಂತಿತು. ವಠಾರದಲ್ಲಿ ಏನು ಮಾತಾಡಿಕೊಂಡರು ಗೊತ್ತೆ? ಸೆಲ್ವಿ ಹಾಕಿದ ನೀರಿಗೆ ಕಲ್ಲು ತಣ್ಣಗಾಯಿತು, ಒಂದು ಜೀವ ತಗೊಂಡು ಶಾಂತವಾಯಿತು ಅಂತ. ಮಳೆ ಎರಡು ತಿಂಗಳು ಮುಂಚೆ ಹೀಗೇ ಸುರಿದಿದ್ದರೆ ಕಲಾ ಆ ವರ್ಷದ ಪರೀಕ್ಷೆ ಬರೆದಿರುತ್ತಿದ್ದಳು. ಇದನ್ನು ನಾನು ಯಾರಿಗೆ ಹೇಳಲಿ, ಯಾರು ಕೇಳುತ್ತಾರೆ.

ಮಹಾನವಮಿ ಕಳೆಯಿತು. ಸೆಲ್ವಿಗೆ ಇಟ್ಟ ಕಟ್ಟಳೆಯೂ ಮುಗಿಯಿತು. ನಮಗೆ ಕಾಗದನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿ, ಸಾಮಾನು ಕಟ್ಟುತ್ತಿದ್ದೆವು. ಅವತ್ತೂ ಶುಕ್ರವಾರ. ಕಿಟಕಿಯಿಂದ ನೋಡಿದರೆ ಸೆಲ್ವಿ ಮತ್ತೆ ಚೊಂಬು ಹಿಡಿದು ಒರಳಿನ ಮುಂದೆ ನಿಂತಿದ್ದಾಳೆ. ಹಿಂಬಾಗಿಲಲ್ಲಿ ಗೌರಮ್ಮ ಇರಲಿಲ್ಲ, ಯಾರೂ ಇರಲಿಲ್ಲ. ನನಗೆ ಇನ್ನು ತಡೆಯಲಾಗಲಿಲ್ಲ. ಹೋಗಿ ಚೊಂಬು ಕಿತ್ತುಕೊಂಡೆ.

"ಯಾರಿಗೋಸ್ಕರ ಹಾಕ್ತಿದೀಯೇ? ಮುಗೀತಲ್ಲ ಅವರ ಗಡುವು! ನಿನ್ ಮಗಳು ಕಲ್ಲಿನ ಶಾಪದಿಂದ ಹೋಗ್ಲಿಲ್ಲ ಸೆಲ್ವಿ. ಅವಳೇ ಬಾಯಿ ಬಿಟ್ಟು ಹೇಳಿದ್ಲು, ಈ ನೀರಲ್ಲಿ ಹುಟ್ಟೋ ಸೊಳ್ಳೆಯಿಂದ ಅಂತ. ಅವಳ ಮಾತನ್ನಾದ್ರೂ ನಂಬು."

ಸೆಲ್ವಿ ಅಳಲಿಲ್ಲ. ನನ್ನ ಕೈಯಿಂದ ಚೊಂಬನ್ನು ಮೆಲ್ಲಗೆ ವಾಪಸು ತೆಗೆದುಕೊಂಡಳು.

"ಗೊತ್ತಕ್ಕ. ಓದಿದ ಹುಡುಗಿ, ಸುಳ್ಳು ಹೇಳಲ್ಲ ಅವಳು. ಆದ್ರೆ ಅದು ನಿಜ ಅಂದ್ರೆ, ಶ್ರಾವಣ ಪೂರ್ತಿ ಈ ನೀರು ಹಾಕಿದ್ದು ನನ್ ಕೈ ಅಲ್ವಾ? ಅವಳು ಚೆಲ್ತೀನಿ ಅಂದಾಗ ಆಣೆ ಹಾಕ್ಸಿದ್ದೂ ನಾನೇ ಅಲ್ವಾ? ಶಾಪ ಅಂತಾನೇ ಇರ್ಲಿ ಅಕ್ಕ. ಶಾಪ ಅಂದ್ರೆ ನಾನು ಬದುಕ್ಬೋದು."

ಅಷ್ಟು ಹೇಳಿ ನೀರು ಸುರಿದಳು. ನಾನು ಅಡ್ಡ ಬರಲಿಲ್ಲ.